ಗೋವಾದ ಆರ್ಥಿಕ ದಿಗ್ಬಂಧನ

ಗೋವಾದ ಆರ್ಥಿಕ ದಿಗ್ಬಂಧನವು ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದ ಮೇಲೆ ಭಾರತ ಸರ್ಕಾರವು 1950ರ ದಶಕದ ಮಧ್ಯಭಾಗದಲ್ಲಿ ವಿಧಿಸಿದ ವ್ಯಾಪಾರ ಹಾಗೂ ಸಂಚಾರ ನಿರ್ಬಂಧವಾಗಿದೆ. ಗೋವಾವನ್ನು ಬಿಟ್ಟುಕೊಡುವಂತೆ ಪೋರ್ಚುಗಲ್ ಮೇಲೆ ಒತ್ತಡ ಹೇರುವುದು ಇದರ ಮುಖ್ಯ ಉದ್ದೇಶವಾಗಿತ್ತು. ಇದು ಜಾರಿಯಲ್ಲಿದ್ದಾಗ ಅನೇಕ ಭಾರತೀಯ ಸತ್ಯಾಗ್ರಹಿಗಳು ಗೋವಾದ ಸೆರೆಮನೆಗಳಲ್ಲಿದ್ದರು.

ಬಂಧಿತರು

1955ರಲ್ಲಿ ಗಡಿ ದಾಟಿ ಸೆರೆವಾಸ ಅನುಭವಿಸಿದವರಲ್ಲಿ ನರಗುಂದದ ಜಗನ್ನಾಥರಾವ್ ಜೋಶಿಯವರೂ ಒಬ್ಬರು. ಮಧು ಲಿಮಯೆಯವರಿಗೆ 12 ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷದ ಆಗಸ್ಟ್ 15ರಂದು ಪೋರ್ಚುಗೀಸರ ಗುಂಡಿಗೆ 20ಕ್ಕೂ ಹೆಚ್ಚು ನಿರಾಯುಧ ಸತ್ಯಾಗ್ರಹಿಗಳು ಬಲಿಯಾದರು. ಬಳಿಕ ಭಾರತವು ಗೋವಾದಲ್ಲಿದ್ದ ತನ್ನ ಕಾನ್ಸುಲೇಟ್ ಕಚೇರಿಯನ್ನು ಮುಚ್ಚಿತು.

ರೈಲು ಮಾರ್ಗ

1955ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೆ ಸಾಗುತ್ತಿದ್ದ ರೈಲು ಸಂಚಾರ ನಿಂತಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರು ಹುಬ್ಬಳ್ಳಿ–ಹರಿಹರ ಮಾರ್ಗದ ನಿಲ್ದಾಣಗಳಾಗಿದ್ದು, ಹುಬ್ಬಳ್ಳಿ ಹಾಗೂ ಲೋಂಡಾ ಮೂಲಕ ಆ ಬಂದರಿನೊಂದಿಗೆ ಸಂಪರ್ಕ ಹೊಂದಿದ್ದವು. ಹೀಗೆ ನಿರ್ಬಂಧವು ಗೋವಾಕ್ಕೆ ಸರಕು ತಡೆದುದಲ್ಲದೆ ಈ ಒಳನಾಡಿಗೆ ಹತ್ತಿರದ ಬಂದರಿನ ದಾರಿಯನ್ನೂ ಮುಚ್ಚಿತು.

ಪರಿಣಾಮ

ಲಿಮಯೆಯವರು 1957ರಲ್ಲಿ ಬಿಡುಗಡೆಯಾದರು. ಆದರೆ ಇದನ್ನು ದಿಗ್ಬಂಧನದ ಫಲವೆಂದಷ್ಟೇ ಹೇಳಲಾಗದು. ಗೋವಾ ಬರ್ಮಾದಿಂದ ಅಕ್ಕಿಯನ್ನೂ ಸಿಲೋನಿನಿಂದ ಚಹಾವನ್ನೂ ತರಿಸಿಕೊಂಡಿತು. ಕಬ್ಬಿಣದ ಅದಿರಿನ ರಫ್ತು ಅದರ ಆದಾಯವನ್ನು ಹೆಚ್ಚಿಸಿತು. ಸರಕನ್ನು ಬೇರೆಡೆಯಿಂದ ಪಡೆಯಲು ಸಮುದ್ರಮಾರ್ಗ ತೆರೆದಿದ್ದುದರಿಂದ ನೆಲಮಾರ್ಗದ ತಡೆ ಪೋರ್ಚುಗಲ್ಲನ್ನು ಮಣಿಸಲಿಲ್ಲ. ಅಂತಿಮವಾಗಿ 1961ರ ಡಿಸೆಂಬರ್ 18 ಮತ್ತು 19ರಂದು ನಡೆದ 'ಆಪರೇಷನ್ ವಿಜಯ್' ಸೇನಾ ಕಾರ್ಯಾಚರಣೆಯಿಂದ ಗೋವಾ ವಿಮೋಚನೆಗೊಂಡಿತು.