ವಡೆಯಿಂದ ಒಂದು ಪ್ಯಾರಾ

‘ನಮ್ಮ ಜಿಲ್ಲೆ’ ಎಂಬ ಪ್ರಬಂಧ ಬರೆಯಲು ನಿಮ್ಮ ಮಗುವಿಗೆ ಹೇಳಿ ನೋಡಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯುಂಟು, ಮದ್ದೂರಿನ ವಡೆ ಪ್ರಸಿದ್ಧ, ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವುಂಟು—ಮೂರೇ ವಾಕ್ಯಕ್ಕೆ ಮೂರು ಊರೂ ಮುಗಿದವು! ತಪ್ಪೇನಿಲ್ಲ, ಆದರೆ ಯಾವುದನ್ನೂ ಹೇಳಿದಂತಾಗಲಿಲ್ಲ. ಆಗ ನಾವು ಗೈಡು ತೆರೆದು ಬಾಯಿಪಾಠ ಮಾಡಿಸುತ್ತೇವೆ. ಮಗುವಿನ ಸ್ವಂತ ಮಾತು ಅಲ್ಲಿಗೆ ನಿಂತಿತು.

ಅದರ ಬದಲು ಒಂದೇ ವಾಕ್ಯವನ್ನು ಹಿಡಿದು ಪ್ರಶ್ನೆ ಕೇಳಿ. ವಡೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಏನೇನು ಹಾಕುತ್ತಾರೆ? ರವೆ, ಅಕ್ಕಿಹಿಟ್ಟು, ಮೈದಾ, ಹೆಚ್ಚಿದ ಈರುಳ್ಳಿ. ಉದ್ದಿನ ವಡೆಯಂತೆ ಮೆತ್ತಗಿರುತ್ತದೆಯೆ? ಇಲ್ಲ, ತೆಳುವಾಗಿ ತಟ್ಟಿ ಕರಿದದ್ದು, ಗರಿಗರಿ. ರೈಲಿನಲ್ಲಿ ತಿನ್ನಲು ಅನುಕೂಲವೇಕೆ? ಸಾಂಬಾರಿನ ಹಂಗಿಲ್ಲ, ಕೈಯಲ್ಲಿ ಹಿಡಿದರಾಯಿತು. ಈ ಉತ್ತರಗಳನ್ನು ತನ್ನ ಮಾತಿನಲ್ಲಿಯೇ ಹೊಂದಿಸಿ ಬರೆದರೆ ಒಂದು ಪ್ಯಾರಾ ಆಯಿತು. ನಡುವೆ, ಮದ್ದೂರಿನ ಬಳಿಯ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆಯಿತೆಂಬ ಮಾತು ನುಸುಳಬಹುದು. ವಡೆಗಿಂತ ಅದು ಎಷ್ಟೋ ದೊಡ್ಡ ಸಂಗತಿ. ಆದುದರಿಂದಲೇ ಅದಕ್ಕೆ ಬೇರೆ ಪ್ಯಾರಾ ಬೇಕು.

ಜಲಪಾತಕ್ಕೂ ಹೀಗೆಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತೆಂದು ಮಗು ಬರೆದರೆ, ‘ಅಷ್ಟು ದೂರ ಏತಕ್ಕೆ?’ ಎಂದು ಕೇಳಿ. ಕಾಗುಣಿತದ ತಪ್ಪುಗಳನ್ನು ಆಮೇಲೆ ತಿದ್ದಬಹುದು; ಅದು ಉತ್ತರ ಹುಡುಕುತ್ತಿರುವಾಗ ಕೆಂಪು ಪೆನ್ಸಿಲು ಮೇಜಿನ ಮೇಲೆಯೇ ಇರಲಿ.