ತಾರೀಖಿನ ಕಾಲಂ

ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ವಿಜ್ಞಾನಿಗಳ ಸಂಬಳದ ಲೆಕ್ಕ. ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಪ್ರಯೋಗಾಲಯದ ಅಕೌಂಟ್ಸ್ ಸೆಕ್ಷನ್ನು. ಅಲ್ಲಿ ಏನು ಕಂಡುಹಿಡಿಯುತ್ತಿದ್ದರು ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಹೇಳಲಾರೆ. ಯಾರ ಬೇಸಿಕ್ ಎಷ್ಟು, ಯಾರ ಇನ್‌ಕ್ರಿಮೆಂಟ್ ಜನವರಿಗೆ, ಯಾರದು ಜುಲೈಗೆ ಎಂಬುದು ಮಾತ್ರ ಬಾಯಿಪಾಠ.

ಹಾಗಾಗಿ ಮದುವೆಮನೆ ಪಂಕ್ತಿಯಲ್ಲಿ ಯಾರಾದರೂ ‘ಪಾಪ, ನಮ್ಮ ವಿಜ್ಞಾನಿಗಳಿಗೆ ಐಎಎಸ್‌ನವರಷ್ಟು ಸಂಬಳ ಇಲ್ಲವಂತೆ’ ಎಂದರೆ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ಇದೆ ಸ್ವಾಮಿ. 7ನೇ ವೇತನ ಆಯೋಗದ ಕೋಷ್ಟಕದಲ್ಲಿ ಹೊಸ ಐಎಎಸ್ ಅಧಿಕಾರಿಯೂ ವಿಜ್ಞಾನಿಗಳ ಮೊದಲ ದರ್ಜೆಯಾದ ‘ಸೈಂಟಿಸ್ಟ್ ಬಿ’ಯೂ ಕೂರುವುದು ಒಂದೇ ಮೆಟ್ಟಿಲಲ್ಲಿ: ಲೆವೆಲ್ 10, ಬೇಸಿಕ್ 56,100 ರೂಪಾಯಿ. ಒಂದು ಪೈಸೆಯ ವ್ಯತ್ಯಾಸವಿಲ್ಲ.

ಮುಂದಿನ ಬಡ್ತಿಗಳಿಗೆ ವಿಜ್ಞಾನಿಗಳದ್ದೇ ಬೇರೆ ದಾರಿ. ಅದರ ಹೆಸರು ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್ ಸ್ಕೀಮ್. ಆಫೀಸಿನ ಬಾಯಲ್ಲಿ ಎಫ್‌ಸಿಎಸ್. ಮೇಲಿನ ಹುದ್ದೆ ಖಾಲಿಯಾಗಲಿ ಎಂದು ಯಾರ ನಿವೃತ್ತಿಯನ್ನೂ ಕಾಯಬೇಕಿಲ್ಲ. ಬಿಯಿಂದ ಸಿಗೆ 3 ವರ್ಷ, ಸಿಯಿಂದ ಡಿಗೆ 4, ಡಿಯಿಂದ ಇಗೆ ಇನ್ನೊಂದು 4. ಅವಧಿ ಮುಗಿದ ಮೇಲೆ ಕೆಲಸವನ್ನು ಬೋರ್ಡಿನ ಮುಂದಿಟ್ಟು, ಇಂಟರ್‌ವ್ಯೂ ಪಾಸಾದರೆ ಕೂತ ಕುರ್ಚಿಯಲ್ಲೇ ಬಡ್ತಿ. ಅಂದರೆ 11 ವರ್ಷಕ್ಕೆ ಸೈಂಟಿಸ್ಟ್ ಇ, ಲೆವೆಲ್ 13. ಐಎಎಸ್‌ನವರು ಅದೇ ಲೆವೆಲ್‌ಗೆ, ಸೆಲೆಕ್ಷನ್ ಗ್ರೇಡಿಗೆ, ಬರುವುದು 13ನೇ ವರ್ಷಕ್ಕೆ. ಕಾಗದದ ಮೇಲೆ ನಮ್ಮ ವಿಜ್ಞಾನಿಯೇ ಎರಡು ವರ್ಷ ಮುಂದೆ!

ಹಾಗಿದ್ದ ಮೇಲೆ ಗೋಳೇನು? ಸರ್ವಿಸ್ ಬುಕ್ಕಿನಲ್ಲಿ ಯಾರೂ ಓದದ ಒಂದು ಕಾಲಂ ಇದೆ, ಬಡ್ತಿ ಜಾರಿಗೆ ಬಂದ ತಾರೀಖಿನದು. ಗೋಳೆಲ್ಲ ಅಲ್ಲಿದೆ.

2018ರಲ್ಲಿ ಒಂದು ಮಧ್ಯಾಹ್ನ ನಮ್ಮ ಕೆಮಿಸ್ಟ್ರಿ ವಿಭಾಗದ ಮೇಡಂ ಒಬ್ಬರು ಬಡ್ತಿ ಆದೇಶದ ಪ್ರತಿ ಹಿಡಿದು ನನ್ನ ಟೇಬಲ್ಲಿಗೆ ಬಂದರು. ಸಿಯಿಂದ ಡಿಗೆ ಆಗಿತ್ತು. ನಾನು ‘ಕಂಗ್ರಾಜುಲೇಶನ್ಸ್ ಮೇಡಂ, ಸ್ವೀಟ್ ಎಲ್ಲಿ?’ ಅಂದೆ. ಅವರು ನಗಲಿಲ್ಲ. ‘ಸರ್, ನನಗೆ 4 ವರ್ಷ ತುಂಬಿ 14 ತಿಂಗಳಾಯಿತು. ಇದರಲ್ಲಿ ಇವತ್ತಿನ ತಾರೀಖು ಇದೆ.’ ಬೋರ್ಡಿಗೆ ಹೊರಗಿನ ತಜ್ಞರು ಸಿಕ್ಕಿರಲಿಲ್ಲ, ಸಿಕ್ಕಾಗ ಅಧ್ಯಕ್ಷರು ಪ್ರವಾಸದಲ್ಲಿದ್ದರು, ಆಮೇಲೆ ಫೈಲು ದಿಲ್ಲಿಯಲ್ಲಿ ಮಲಗಿತ್ತು. ಯಾರ ತಪ್ಪೂ ಅಲ್ಲ ಎನ್ನುವಂಥ ತಪ್ಪುಗಳು. ಎಫ್‌ಸಿಎಸ್ ಬಡ್ತಿ ಆದೇಶವಾದ ಮೇಲೆಯೇ ಜಾರಿ, ಹಿಂದಿನಿಂದ ಕೊಡುವಂತಿಲ್ಲ ಎಂಬ ನಿಯಮವನ್ನು ತೋರಿಸಿದೆ. ‘ತಿಂಗಳಿಗೆ ಎರಡೂವರೆ ಸಾವಿರದ ಮಾತು, ಬಿಡಿ ಮೇಡಂ’ ಎಂದೂ ಸಮಾಧಾನ ಹೇಳಿದೆ.

ನಾನು ಹೇಳಿದ್ದು ತಪ್ಪು ಲೆಕ್ಕ. ಸಂಜೆ ಬಸ್ಸಿನಲ್ಲಿ ಅದು ತಲೆಗೆ ಹೊಳೆಯಿತು. ಓದುಗರಿಗೆ ಸುಲಭವಾಗಲಿ ಎಂದು ಇದೇ ಕೋಷ್ಟಕದಲ್ಲಿ 56,100ರಿಂದ ಶುರು ಮಾಡಿದವರನ್ನೇ ತೆಗೆದುಕೊಳ್ಳುತ್ತೇನೆ. ಸಿ ದರ್ಜೆಯಲ್ಲಿ 4 ವರ್ಷ ಮುಗಿದಾಗ ಬೇಸಿಕ್ 76,200. ಡಿ ಆದರೆ 78,800. ವ್ಯತ್ಯಾಸ 2,600, ನಿಜ. ಆದರೆ ಡಿಯ 4 ವರ್ಷದ ಗಡಿಯಾರ ಓಡಲು ಶುರುವಾಗುವುದೂ 14 ತಿಂಗಳು ತಡವಾಗಿ. ಡಿಯಲ್ಲಿ 4 ವರ್ಷ ಮುಗಿಸಿದವರ ಬೇಸಿಕ್ 88,700. ಇ ಆದ ದಿನ ಅದು ಒಂದೇ ನೆಗೆತಕ್ಕೆ 1,23,100. ಲೆವೆಲ್ 12ಕ್ಕೂ 13ಕ್ಕೂ ನಡುವೆ ಇರುವುದು ಮೆಟ್ಟಿಲಲ್ಲ, ಗೋಡೆ. ತಿಂಗಳಿಗೆ 34,400 ರೂಪಾಯಿಯ ಗೋಡೆ. ಹದಿನಾಲ್ಕರಿಂದ ಗುಣಿಸಿ: 4,81,600. ಡಿಎ ಬೇರೆ. ಎರಡನೇ ಬೋರ್ಡು ಒಂದು ದಿನವೂ ತಡವಾಗದೆ ಕೂತರೂ ಈ ನಷ್ಟ ತಪ್ಪುವುದಿಲ್ಲ.

ಬಟಾನಿಕಲ್ ಸರ್ವೆಯ ವಿಜ್ಞಾನಿಯೊಬ್ಬರು ಬಡ್ತಿಯ ಈ ತಡವಾದ ತಾರೀಖನ್ನೇ ಹಿಡಿದು ದಿಲ್ಲಿ ಹೈಕೋರ್ಟಿಗೆ ಹೋಗಿ 2010ರಲ್ಲಿ ಗೆದ್ದರು. ಮರುವರ್ಷ ಸುಪ್ರೀಂ ಕೋರ್ಟಿನಲ್ಲೂ ಸರ್ಕಾರಕ್ಕೆ ಸೋಲಾಯಿತು. ಆ ತೀರ್ಪು ಅವರೊಬ್ಬರಿಗೆ ಮಾತ್ರ ಅನ್ವಯ ಎಂದು ಟಿಪ್ಪಣಿ ಬರೆಯುವ ವಿದ್ಯೆ ಆಫೀಸುಗಳಿಗೆ ಗೊತ್ತಿಲ್ಲದ್ದೇನಲ್ಲ. ಅಂಥ ಒಂದೆರಡನ್ನು ನಾನೇ ಬರೆದಿದ್ದೇನೆ.

ಬೇರೆ ಸಂಘಟಿತ ಗ್ರೂಪ್ ಎ ಸೇವೆಗಳವರಿಗೆ 6ನೇ ವೇತನ ಆಯೋಗದ ನಂತರ ಒಂದು ಸೌಲಭ್ಯ ಬಂತು. ಒಂದು ಬ್ಯಾಚಿನ ಐಎಎಸ್ ಅಧಿಕಾರಿಗೆ ದಿಲ್ಲಿಯಲ್ಲಿ ಒಂದು ದರ್ಜೆ ಸಿಕ್ಕಿದರೆ, ಅವರಿಗಿಂತ ಎರಡು ವರ್ಷ ಹಿರಿಯ ಬ್ಯಾಚಿನವರಿಗೆ ಹುದ್ದೆ ಇಲ್ಲದಿದ್ದರೂ ಆ ದರ್ಜೆಯ ಸಂಬಳ. ಆದೇಶ ಹೊರಬಿದ್ದದ್ದು 2009ರ ಏಪ್ರಿಲ್‌ನಲ್ಲಿ, ಲಾಭ ಸಿಕ್ಕಿದ್ದು 2006ರ ಜನವರಿ 1ರಿಂದ. ಅಲ್ಲಿ ಕಾಗದ ತಡವಾದರೂ ತಾರೀಖು ತಡವಾಗುವುದಿಲ್ಲ, ಅರಿಯರ್ಸ್ ಬರುತ್ತದೆ. ವಿಜ್ಞಾನಿಗಳಿಗೆ ಎಫ್‌ಸಿಎಸ್ ಇದೆಯಲ್ಲ ಎಂದು ಅವರನ್ನು ಇದರಿಂದ ಹೊರಗಿಟ್ಟರು.

ಇದ್ದದ್ದೂ ಕೈತಪ್ಪಿದ ಇಸ್ರೋದ ಕತೆ ಪತ್ರಿಕೆಗಳಲ್ಲೇ ಬಂದಿತ್ತು. 1996ರಿಂದ ಅಲ್ಲಿ ಎಸ್‌ಡಿಯಿಂದ ಎಸ್‌ಜಿ ದರ್ಜೆವರೆಗಿನ ವಿಜ್ಞಾನಿಗಳಿಗೆ ಎರಡು ಹೆಚ್ಚುವರಿ ಇನ್‌ಕ್ರಿಮೆಂಟ್ ಇತ್ತು. ಬೇರೆ ಪ್ರೋತ್ಸಾಹಧನ ಇದೆಯೆಂಬ ಕಾರಣಕ್ಕೆ ಅದನ್ನು ನಿಲ್ಲಿಸುವ ಆದೇಶ 2019ರ ಜೂನ್‌ನಲ್ಲಿ ಹೊರಟಿತು, ಜುಲೈ 1ರಿಂದ ಜಾರಿ. ಅದೇ ತಿಂಗಳು 22ರಂದು ಅದೇ ಜನ ಚಂದ್ರಯಾನ-2 ಹಾರಿಸಿದರು. ಐಎಎಸ್‌ನವರಿಗೂ ಮೊದಲ ಮೂರು ಬಡ್ತಿಗಳಲ್ಲಿ ಎರಡೆರಡು ಹೆಚ್ಚುವರಿ ಇನ್‌ಕ್ರಿಮೆಂಟ್ ಇದೆ. ಅದು ಹಾಗೆಯೇ ಉಳಿದಿದೆ.

ಇನ್ನು ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್‌ನ, ಹುಡುಗ ಹುಡುಗಿಯರು. 2019ರಲ್ಲಿ ತಿಂಗಳಿಗೆ 31,000 ಇದ್ದದ್ದು 2023ರಿಂದ 37,000. ರಾತ್ರಿ ಹತ್ತರವರೆಗೆ ಲ್ಯಾಬಿನಲ್ಲಿ ದೀಪ ಉರಿಯುತ್ತಿದ್ದದ್ದು ಇವರಿಂದಲೇ. ಇವರಿಗೆ ಲೆವೆಲ್ಲೂ ಇಲ್ಲ, ಇನ್‌ಕ್ರಿಮೆಂಟೂ ಇಲ್ಲ, ತಾರೀಖು ಬರೆಯೋಣವೆಂದರೆ ಸರ್ವಿಸ್ ಬುಕ್ಕೇ ಇಲ್ಲ. ಫೆಲೋಶಿಪ್ ಗ್ರಾಂಟ್ ಬರುವುದು ತಡವಾದಾಗ ನನ್ನ ಕಿಟಕಿಯ ಹತ್ತಿರ ಬಂದು ‘ಈ ವಾರ ಆಗುತ್ತಾ ಸರ್?’ ಎಂದು ಮೆಲ್ಲಗೆ ಕೇಳುತ್ತಿದ್ದರು. ಪಿಜಿಯ ಬಾಡಿಗೆ ಐದನೇ ತಾರೀಖಿಗೆ ಕಟ್ಟಬೇಕಿತ್ತಲ್ಲ.

ನಾನು ನಿವೃತ್ತನಾದೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯಲ್ಲಿ 8ನೇ ವೇತನ ಆಯೋಗ ರಚನೆಯಾಯಿತು. ಮೊನ್ನೆ ಆ ಕೆಮಿಸ್ಟ್ರಿ ಮೇಡಂ ಫೋನ್ ಮಾಡಿದ್ದರು. ವಿಜ್ಞಾನಿಗಳ ಸಂಘದ ಮನವಿಯ ಕರಡು ಕಳಿಸಿದ್ದೇನೆ, ಲೆಕ್ಕ ನೋಡಿಕೊಡಿ ಎಂದು. ಮೊದಲ ಆರು ಪುಟ ಲೆವೆಲ್, ಭತ್ಯೆ, ಐಎಎಸ್ ಜೊತೆ ಹೋಲಿಕೆ. ಬೋರ್ಡು ತಡವಾದರೂ ಅರ್ಹತೆಯ ದಿನದಿಂದಲೇ ಬಡ್ತಿ ಕೊಡಿ ಎಂಬುದು ಏಳನೇ ಪುಟದಲ್ಲಿ ಅರ್ಧ ಸಾಲು. ಇದನ್ನು ಮೊದಲನೇ ಪುಟಕ್ಕೆ ತನ್ನಿ ಎಂದೆ, 4,81,600ರ ಲೆಕ್ಕವನ್ನೂ ಬರೆದು ಕಳಿಸಿದೆ.

‘ಸರಿ ಸರ್, ಕಮಿಟಿ ಮೀಟಿಂಗ್‌ನಲ್ಲಿ ಇಡುತ್ತೇನೆ’ ಅಂದರು. ಮೀಟಿಂಗ್ ಎರಡು ಸಲ ಮುಂದಕ್ಕೆ ಹೋಗಿದೆಯಂತೆ.