ಖಾತೆ ಬದಲಿಸುವ ಮುನ್ನ

'ಖಾತೆ' ಎಂಬುದು ನಮ್ಮ ನಾಡಿನಲ್ಲಿ ಬಹಳ ದುಡಿದ ಮಾತು. ಬ್ಯಾಂಕಿನಲ್ಲಿ ಹಣವಿಟ್ಟವನಿಗೆ ಖಾತೆಯುಂಟು. ಅಂಗಡಿಯಲ್ಲಿ ಸಾಲ ಬರೆಸಿದವನಿಗೂ ಖಾತೆಯುಂಟು. ನಿವೇಶನ ಕೊಂಡವರು ಖಾತೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ. ಸಚಿವ ಸಂಪುಟ ಪುನಾರಚನೆಯಾದರೆ ಮಂತ್ರಿಗಳ ಖಾತೆಗಳು ಬದಲಾಗುತ್ತವೆ. ಮಾತು ಒಂದೇ ಆದರೂ ಅರ್ಥಗಳು ಬೇರೆ. ನಿವೇಶನದ ಖಾತೆ ಬದಲಾದರೆ, ನೆಲ ಇದ್ದಲ್ಲಿಯೇ ಇದ್ದು, ದಾಖಲೆಯಲ್ಲಿ ಹಳೆಯ ಹೆಸರು ಹೋಗಿ ಹೊಸ ಹೆಸರು ಬರುತ್ತದೆ. ಮಂತ್ರಿಯ ಖಾತೆ ಬದಲಾದರೋ, ಮಂತ್ರಿ ಒಂದು ಕೊಠಡಿಯಿಂದೆದ್ದು ಇನ್ನೊಂದಕ್ಕೆ ಹೋಗುತ್ತಾರೆ. ಇಲಾಖೆಯ ಕಡತಗಳು ಇಲಾಖೆಯಲ್ಲಿಯೇ ಉಳಿಯುತ್ತವೆ.

ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ನಾವು ಮಾಡುವ ಖಾತೆ ಬದಲಾವಣೆ ಈ ಎರಡನೆಯ ಬಗೆಯದು. ಅಲ್ಲಿ ಬದಲಾಗುವುದು ನಾವು ನಿಂತ ಜಾಗ, ಕಡತಗಳ ಒಡೆತನವಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅನೇಕ ತೊಂದರೆಗಳು ತಾವಾಗಿಯೇ ತಪ್ಪುತ್ತವೆ. ಮರೆತರೆ, ವರ್ಷಗಟ್ಟಲೆ ಮಾಡಿದ ಕೆಲಸ ಕೈತಪ್ಪಬಹುದು. ಗುಟ್ಟಾಗಿರಬೇಕಾದ ಸಂಬಳದ ಪಟ್ಟಿಯೋ ಅಂಕಪಟ್ಟಿಯೋ ಪರರ ಕಣ್ಣಿಗೆ ಬೀಳಬಹುದು.

'ಕ್ಲೌಡ್' ಎಂದರೆ ಮೋಡವೆಂದು ಅರ್ಥವಾದರೂ ನಮ್ಮ ಕಡತಗಳು ಆಕಾಶದಲ್ಲೇನೂ ತೇಲುತ್ತಿಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಹಗಲಿರುಳು ನಡೆಯುವ ಕಂಪ್ಯೂಟರುಗಳಲ್ಲಿ ಅವು ಇರುತ್ತವೆ. ಅಂತರ್ಜಾಲದ ಮೂಲಕ ನಾವು ಅವನ್ನು ತೆರೆಯುತ್ತೇವೆ. ಡ್ರಾಪ್‌ಬಾಕ್ಸ್ 2008ರಲ್ಲಿ ಸಾರ್ವಜನಿಕರ ಬಳಕೆಗೆ ಬಂದಿತು. ಗೂಗಲ್ ಡ್ರೈವ್ 2012ರಲ್ಲಿ ಬಂದಿತು. ಮೈಕ್ರೋಸಾಫ್ಟ್ ಸಂಸ್ಥೆಯ ಸ್ಕೈಡ್ರೈವ್ 2014ರಲ್ಲಿ ಒನ್‌ಡ್ರೈವ್ ಎಂದು ಹೆಸರು ಬದಲಿಸಿಕೊಂಡಿತು. ಇವುಗಳಲ್ಲಿ ಗೂಗಲ್ ಡ್ರೈವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತತ್ತ್ವ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

ಈಗ ದುಡಿಯುವವರಲ್ಲಿ ಅನೇಕರಿಗೆ ಒಂದಕ್ಕಿಂತ ಹೆಚ್ಚು ಖಾತೆಗಳಿವೆ: ಮನೆಯದೊಂದು, ಕಚೇರಿಯದೊಂದು, ಎರಡು ಸಂಸ್ಥೆಗಳ ಲೆಕ್ಕ ಬರೆಯುವವರಿಗೆ ಮೂರನೆಯದೊಂದು. ಇಂಥವರು ದಿನಕ್ಕೆ ಹತ್ತು ಬಾರಿ ಒಂದರಿಂದ ಇನ್ನೊಂದಕ್ಕೆ ಹೋಗಿ ಬರುತ್ತಾರೆ. ಆದುದರಿಂದ ಅವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, 'ನಾನೀಗ ಯಾರ ಮನೆಯಲ್ಲಿ ನಿಂತಿದ್ದೇನೆ?' ಎಂಬುದು. ಇದಕ್ಕೆ ಉತ್ತರ ಪರದೆಯ ಮೇಲುತುದಿಯ ಬಲಮೂಲೆಯಲ್ಲಿರುವ ಸಣ್ಣ ಚಿತ್ರ. ಅದನ್ನು ಒತ್ತಿದರೆ ಖಾತೆಯ ಹೆಸರೂ ವಿಳಾಸವೂ ಕಾಣುತ್ತವೆ. ಮನೆಯ ಖಾತೆಗೂ ಕಚೇರಿಯ ಖಾತೆಗೂ ಒಂದೇ ಭಾವಚಿತ್ರ ಹಾಕಿಕೊಂಡವರು ತಮಗೆ ತಾವೇ ಗೊಂದಲ ತಂದುಕೊಳ್ಳುತ್ತಾರೆ. ಒಂದಕ್ಕೆ ಮುಖವಿರಲಿ, ಇನ್ನೊಂದಕ್ಕೆ ಸಂಸ್ಥೆಯ ಲಾಂಛನವಿರಲಿ. ಕಣ್ಣು ತಾನೇ ಗುರುತಿಸುತ್ತದೆ. ಒನ್‌ಡ್ರೈವ್‌ನಲ್ಲಿ ಕಚೇರಿಯ ಖಾತೆಗೆ ನೀಲಿ ಮೋಡ, ಸ್ವಂತದ ಖಾತೆಗೆ ಬಿಳಿ ಮೋಡ ಎಂಬ ಭೇದವನ್ನು ತಯಾರಿಸಿದವರೇ ಮಾಡಿಟ್ಟಿದ್ದಾರೆ.

ಒಂದೇ ಬ್ರೌಸರಿನಲ್ಲಿ ಹಲವು ಗೂಗಲ್ ಖಾತೆಗಳನ್ನು ತೆರೆದಿಟ್ಟರೆ, ಮೊದಲು ಒಳಬಂದ ಖಾತೆಯೇ ಸಾಮಾನ್ಯವಾಗಿ ಹಿರಿಯನ ಸ್ಥಾನ ಪಡೆಯುತ್ತದೆ. ಹೊಸದಾಗಿ ತೆರೆದ ಪುಟ ಆ ಖಾತೆಯಲ್ಲಿಯೇ ತೆರೆದುಕೊಳ್ಳುವುದುಂಟು. ಕಚೇರಿಯ ವರದಿಯನ್ನು ಬರೆಯುತ್ತಿದ್ದೇನೆಂದುಕೊಂಡು ಸ್ವಂತ ಖಾತೆಯಲ್ಲಿ ಬರೆದಿಡುವುದು ಹೀಗೆಯೇ. ಇದಕ್ಕೆ ಒಳ್ಳೆಯ ಉಪಾಯವೊಂದಿದೆ. ಕ್ರೋಮ್ ಮೊದಲಾದ ಬ್ರೌಸರುಗಳಲ್ಲಿ 'ಪ್ರೊಫೈಲ್' ಎಂಬ ಏರ್ಪಾಡಿದೆ. ಒಂದೊಂದು ಖಾತೆಗೂ ಒಂದೊಂದು ಪ್ರೊಫೈಲ್ ಮಾಡಿ ಬೇರೆ ಬೇರೆ ಬಣ್ಣ ಕೊಟ್ಟರೆ, ಎರಡು ಕಿಟಕಿಗಳೂ ಒಟ್ಟಿಗೆ ತೆರೆದಿದ್ದರೂ ಇದರ ಗುಪ್ತಪದ, ಇತಿಹಾಸ, ಗುರುತುಪುಟಗಳು ಅದರೊಡನೆ ಬೆರೆಯುವುದಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬವನ್ನೂ ಸಕ್ಕರೆಯ ಡಬ್ಬವನ್ನೂ ಬೇರೆ ಬೇರೆ ಇಡುವ ಗೃಹಿಣಿಗೆ ಈ ಜಾಣತನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಎಚ್ಚರ, ಅನುಮತಿಯ ವಿಷಯದಲ್ಲಿ. ಸಹೋದ್ಯೋಗಿಯೊಬ್ಬರು ಕಳಿಸಿದ ಲಿಂಕನ್ನು ಒತ್ತಿದಿರಿ. 'ನಿಮಗೆ ಪ್ರವೇಶವಿಲ್ಲ, ಅನುಮತಿ ಕೇಳಿ' ಎಂಬ ಪುಟ ಬಂದಿತು. ಕೂಡಲೇ ಅನುಮತಿ ಕೇಳುವ ಗುಂಡಿಯನ್ನು ಒತ್ತಬೇಡಿ. ಬಹಳ ಸಲ ಅನುಮತಿ ನಿಮಗೆ ಇದ್ದೇ ಇರುತ್ತದೆ. ನೀವು ನಿಂತದ್ದು ಮಾತ್ರ ತಪ್ಪು ಖಾತೆಯಲ್ಲಿ. ಆ ಪುಟದಲ್ಲಿಯೇ ಖಾತೆ ಬದಲಿಸುವ ದಾರಿಯೂ ಇದೆ. ಆತುರದಿಂದ ಅನುಮತಿ ಕೇಳಿದರೆ, ಅತ್ತ ಕಡೆಯವರೂ ಪರಿಚಿತ ಹೆಸರನ್ನು ಕಂಡು ಒಪ್ಪಿಬಿಡುತ್ತಾರೆ. ಆಗ ಕಚೇರಿಯ ಕಡತಕ್ಕೆ ನಿಮ್ಮ ಮನೆಯ ಖಾತೆಯಿಂದಲೂ ಒಂದು ಬಾಗಿಲು ತೆರೆದಂತಾಯಿತು. ನಾಳೆ ನೀವು ಆ ಕಚೇರಿ ಬಿಟ್ಟರೂ, ಯಾರಾದರೂ ನೆನಪಿಟ್ಟು ಮುಚ್ಚುವವರೆಗೆ ಆ ಬಾಗಿಲು ತೆರೆದೇ ಇರುತ್ತದೆ. ಅನುಮತಿ ಕೊಡುವವರೂ ಅಷ್ಟೆ: ಹೆಸರನ್ನು ನೋಡಿ ತೃಪ್ತರಾಗದೆ ಮಿಂಚಂಚೆಯ ವಿಳಾಸವನ್ನು ಪೂರ್ತಿಯಾಗಿ ಓದತಕ್ಕದ್ದು. 'ಲಿಂಕ್ ಇರುವ ಯಾರಿಗಾದರೂ' ಎಂಬ ಆಯ್ಕೆಯನ್ನಂತೂ ಊರಿಗೆಲ್ಲ ಡಂಗುರ ಸಾರಬಹುದಾದ ಕಡತಗಳಿಗೆ ಮಾತ್ರ ಮೀಸಲಿಡುವುದು ಲೇಸು.

ಮೂರನೆಯದು, ಕಂಪ್ಯೂಟರಿನಿಂದ ಖಾತೆಯನ್ನು ಬಿಡಿಸುವ ಸಮಯ. ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಗೂಗಲ್ ಡ್ರೈವ್ ತಂತ್ರಾಂಶದಲ್ಲಿ ಏಕಕಾಲಕ್ಕೆ 4 ಖಾತೆಗಳನ್ನು ಇಟ್ಟುಕೊಳ್ಳಬಹುದು. ಆದುದರಿಂದ ಒಂದನ್ನು ಸೇರಿಸಲು ಇನ್ನೊಂದನ್ನು ತೆಗೆಯಲೇಬೇಕೆಂಬ ನಿರ್ಬಂಧವಿಲ್ಲ. ತೆಗೆಯಲೇಬೇಕಾದರೆ, ನಿಮ್ಮ ಕಡತಗಳು ಅಲ್ಲಿ ಯಾವ ರೀತಿಯಲ್ಲಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. 'ಸ್ಟ್ರೀಮ್' ಎಂಬ ರೀತಿಯಲ್ಲಿ ಕಡತಗಳ ನಿಜವಾದ ವಾಸ ಕ್ಲೌಡಿನಲ್ಲಿ. ನಿಮ್ಮ ಯಂತ್ರದಲ್ಲಿ ಕಾಣುವುದು ಹೆಚ್ಚಾಗಿ ಹೆಸರುಗಳಷ್ಟೆ. ಖಾತೆಯನ್ನು ಬಿಡಿಸಿದೊಡನೆ ಅವು ಯಂತ್ರದಿಂದ ಮರೆಯಾಗುತ್ತವೆ. 'ಮಿರರ್' ಎಂಬ ರೀತಿಯಲ್ಲಿ ಒಂದು ಪ್ರತಿ ಅಲ್ಲಿ, ಒಂದು ಪ್ರತಿ ಇಲ್ಲಿ. ಖಾತೆಯನ್ನು ಬಿಡಿಸಿದ ಮೇಲೂ ಇಲ್ಲಿನ ಪ್ರತಿ ಉಳಿಯುತ್ತದೆ. ಆದರೆ ಖಾತೆ ಕೂಡಿಕೊಂಡಿರುವಾಗಲೇ 'ಈ ಯಂತ್ರದಲ್ಲಿ ಇದೇಕೆ' ಎಂದು ಆ ಪ್ರತಿಯನ್ನು ಅಳಿಸಿದಿರೋ, ಕ್ಲೌಡಿನಲ್ಲಿಯೂ ಅದು ಅಳಿಯುತ್ತದೆ. ಹೀಗೆ ಅಳಿದದ್ದು ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ಎಚ್ಚೆತ್ತರೆ ಮರಳಿ ಪಡೆಯಬಹುದು. ಆದುದರಿಂದ ಮೊದಲು ಬಿಡಿಸಿ, ಆಮೇಲೆ ಅಳಿಸಿ. ಈ ಕ್ರಮವನ್ನು ಹಿಂದುಮುಂದು ಮಾಡಕೂಡದು.

ಬಿಡಿಸುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ನೀವು ತಿದ್ದಿದ್ದೆಲ್ಲ ಮೇಲೇರಿ ಮುಗಿದಿದೆಯೇ ಎಂದು ನೋಡಬೇಕು. ಅಂತರ್ಜಾಲ ನಿಧಾನವಾಗಿರುವ ಊರುಗಳಲ್ಲಿ ದೊಡ್ಡ ಕಡತವೊಂದು ಮೇಲೇರಲು ಗಂಟೆಗಳೇ ಹಿಡಿಯಬಹುದು. ತಂತ್ರಾಂಶದ ಚಿಹ್ನೆ ಇನ್ನೂ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದು ಅರ್ಥ. ಅದು ನಿಲ್ಲುವವರೆಗೆ ಕಾಯಿರಿ. ಅವಸರಪಟ್ಟು ಬಿಡಿಸಿದರೆ ಕೊನೆಯ ತಿದ್ದುಪಡಿಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾದಾವು. ಮೇಲೇರಿದ ಬಳಿಕ ಬ್ರೌಸರಿನಲ್ಲಿ ಅದೇ ಖಾತೆಯನ್ನು ತೆರೆದು, ಮುಖ್ಯವಾದ ಒಂದೆರಡು ಕಡತಗಳನ್ನು ಕಣ್ಣಾರೆ ಕಂಡರೆ ಮನಸ್ಸಿಗೆ ಸಮಾಧಾನ.

ನಾಲ್ಕನೆಯದೂ ಅತಿ ಮುಖ್ಯವಾದುದೂ ಒಡೆತನದ ಪ್ರಶ್ನೆ. ಕಚೇರಿ ಕೊಟ್ಟ ಖಾತೆಯ ಯಜಮಾನಿಕೆ ಕಚೇರಿಯದು. ನಿವೃತ್ತಿಯಿಂದಲೋ ವರ್ಗದಿಂದಲೋ ರಾಜೀನಾಮೆಯಿಂದಲೋ ನೀವು ಹೊರಟ ಮೇಲೆ ಅಲ್ಲಿನ ಆಡಳಿತದವರು ಆ ಖಾತೆಯನ್ನು ಅಳಿಸಬಹುದು. ಗೂಗಲ್‌ನ ಕಚೇರಿ ಖಾತೆಗಳಲ್ಲಿ ಹಾಗೆ ಅಳಿಸಿದ್ದನ್ನು 20 ದಿನಗಳೊಳಗೆ ಮಾತ್ರ ಮರಳಿ ಜೀವಂತಗೊಳಿಸಬಹುದು. ಮೈಕ್ರೋಸಾಫ್ಟ್‌ನಲ್ಲಿ, ಆಡಳಿತದವರು ಬೇರೆ ಅವಧಿಯನ್ನು ಗೊತ್ತುಮಾಡದಿದ್ದರೆ, ಅಳಿಸಿದ ಬಳಕೆದಾರನ ಒನ್‌ಡ್ರೈವ್ 30 ದಿನ ಉಳಿದಿರುತ್ತದೆ. ತಡಮಾಡಿ ಕೇಳಿದರೆ ಫಲ ಸಿಗದೆ ಹೋಗಬಹುದು. ಆ ಖಾತೆಯ 'ಮೈ ಡ್ರೈವ್' ವಿಭಾಗದಲ್ಲಿದ್ದು, ಬೇರೆಯವರ ಒಡೆತನಕ್ಕೆ ವರ್ಗಾಯಿಸದ ಕಡತಗಳು ಖಾತೆಯೊಡನೆಯೇ ಹೋಗುತ್ತವೆ; ಅವನ್ನೇ ನೆಚ್ಚಿಕೊಂಡಿದ್ದ ಸಹೋದ್ಯೋಗಿಗಳಿಗೂ ಇಲ್ಲವಾಗುತ್ತವೆ. 'ಶೇರ್ಡ್ ಡ್ರೈವ್' ವಿಭಾಗದಲ್ಲಿಟ್ಟ ಕಡತಗಳಿಗೆ ಈ ಭಯವಿಲ್ಲ. ಅವುಗಳ ಒಡೆತನ ವ್ಯಕ್ತಿಯದಲ್ಲ, ಸಂಸ್ಥೆಯದು. ಹತ್ತು ಜನಕ್ಕೆ ಬೇಕಾದ ಕಡತವನ್ನು ಒಬ್ಬರ ಖಾತೆಯಲ್ಲಿಡದೆ ಅಲ್ಲಿಡುವುದೇ ವಿವೇಕ.

ಹೊರಡುವ ಮುನ್ನ ಕಾಗದದ ಕಡತಗಳ ಚಾರ್ಜನ್ನು ಪಟ್ಟಿ ಬರೆದು, ಸಹಿ ಹಾಕಿ ಒಪ್ಪಿಸುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಹಳೆಯದು. ಕ್ಲೌಡಿನ ಕಡತಗಳಿಗೂ ಅದೇ ಪದ್ಧತಿ ಇರಲಿ. ಖಾತೆ ಇನ್ನೂ ಜೀವಂತವಾಗಿರುವಾಗಲೇ ಕಚೇರಿಯ ಕಡತಗಳ ಒಡೆತನವನ್ನು ಅದೇ ಸಂಸ್ಥೆಯ ಇನ್ನೊಬ್ಬರಿಗೆ ವರ್ಗಾಯಿಸಿ. ಕಚೇರಿ ಖಾತೆಯಿಂದ ಹೊರಗಿನ ಸ್ವಂತ ಖಾತೆಗೆ ಒಡೆತನವನ್ನು ವರ್ಗಾಯಿಸಲು ಗೂಗಲ್ ಬಿಡುವುದಿಲ್ಲ. ನಿಮ್ಮದೇ ಆದ ಸ್ವಂತ ಕಡತ ಅಲ್ಲಿ ಸೇರಿಕೊಂಡಿದ್ದರೆ, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಅದನ್ನು ಇಳಿಸಿಕೊಂಡು ಸ್ವಂತ ಖಾತೆಗೆ ಏರಿಸಬೇಕು. ಹಾಗೆ ಮಾಡಿದ ಪ್ರತಿಯೊಡನೆ ಹಿಂದಿನ ತಿದ್ದುಪಡಿಗಳ ಚರಿತ್ರೆ ಬರುವುದಿಲ್ಲವೆಂಬುದು ನೆನಪಿರಲಿ.

ಕೊನೆಯದಾಗಿ, ಹಲವರು ಬಳಸುವ ಕಂಪ್ಯೂಟರಿನ ವಿಷಯ. ಅಲ್ಲಿ ಡ್ರೈವಿನ ತಂತ್ರಾಂಶವನ್ನು ಹಾಕಿ ಖಾತೆಯನ್ನು ಕೂಡಿಸಬಾರದು. ಬ್ರೌಸರಿನ 'ಅತಿಥಿ' ಕಿಟಕಿಯಲ್ಲಿ ಕೆಲಸ ಮುಗಿಸಿ, ಕಿಟಕಿಯನ್ನು ಮುಚ್ಚಿ ಏಳಬೇಕು. ಇಳಿಸಿಕೊಂಡ ಕಡತವಿದ್ದರೆ ಅದನ್ನೂ ಅಳಿಸಬೇಕು. ಎಲ್ಲಿಯಾದರೂ ಹೊರಬರಲು ಮರೆತಿದ್ದೇವೆಂಬ ಶಂಕೆ ಬಂದರೆ, ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ 'ನಿಮ್ಮ ಸಾಧನಗಳು' ಎಂಬ ಪಟ್ಟಿಯಿದೆ; ಮನೆಯಲ್ಲಿ ಕುಳಿತೇ ಆ ದೂರದ ಯಂತ್ರದಿಂದ ಹೊರಬರಬಹುದು.

ಇಷ್ಟನ್ನೆಲ್ಲ ಓದಿ ಇದು ದೊಡ್ಡ ವ್ರತವೆಂದು ವಾಚಕರು ಅಂಜಬೇಕಾಗಿಲ್ಲ. ಹೆಸರು ನೋಡುವುದು, ಮೇಲೇರಿದ್ದನ್ನು ಖಚಿತಪಡಿಸಿಕೊಳ್ಳುವುದು, ಒಡೆತನವನ್ನು ವಿಚಾರಿಸುವುದು: ಈ ಮೂರು ಅಭ್ಯಾಸವಾದರೆ ಉಳಿದವು ಹಿಂದೆಯೇ ಬರುತ್ತವೆ. ಮೊದಲನೆಯದಕ್ಕೆ ಒಂದು ಕ್ಷಣ ಸಾಕು. ಎರಡನೆಯದಕ್ಕೆ ಕೆಲವು ನಿಮಿಷ. ಮೂರನೆಯದನ್ನು ಮಾತ್ರ ಹೊರಡುವ ದಿನದ ಸಂಜೆಗೆ ಇಟ್ಟುಕೊಳ್ಳದೆ ಈ ವಾರವೇ ಪ್ರಾರಂಭಿಸುವುದು ಒಳ್ಳೆಯದು.